ಪಾದ ಹಿಡಿಯುವ ಮೊದಲು ಗಂಗಾಳ ನೋಡಿ

ಕಲಬುರಗಿಯಿಂದ ಗಾಣಗಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು 18 ವರ್ಷ ಕಂಡಕ್ಟರ್ ಆಗಿದ್ದೆ. ಹುಣ್ಣಿಮೆ ಬಂತಂದ್ರೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಗುರು ಹುಡುಕಿಕೊಂಡು ಹೊರಟವರನ್ನು ಬಹಳ ನೋಡಿದ್ದೇನೆ. ನಾನೂ ಒಬ್ಬರ ಹಿಂದೆ ಓಡಾಡಿ, ದೀಕ್ಷೆಗೆಂದು ಹೆಂಡತಿಯ ಬಳೆ ಮಾರಿದವನೇ.

ಯಾರನ್ನಾದರೂ ಗುರು ಅಂತ ಒಪ್ಪಿಕೊಳ್ಳುವ ಮುಂಚೆ, ಮೊದಲು ಅವರು ಊಟಕ್ಕೆ ಕೂತಾಗ ನೋಡಿ. ಅವರಿಗೆ ಬೇರೆ ಗಂಗಾಳ, ಬೇರೆ ಅಡುಗೆ ಇದೆಯಾ? ಪಾತ್ರೆ ತೊಳೆಯುವವಳ ಹತ್ತಿರ ಹೇಗೆ ಮಾತಾಡುತ್ತಾರೆ? ಸಾವ್ಕಾರ ಬಂದಾಗ ದನಿ ಬದಲಾಗುತ್ತದಾ? ಕಲಬುರಗಿಯ ಸಂತ ಶರಣಬಸವೇಶ್ವರರು (1746–1822) ಅಂದರೆ ನಮ್ಮೂರಿಗೆ ದಾಸೋಹವೇ ಮೊದಲು ನೆನಪಾಗುವುದು, ಅಲ್ವಾ?

ಆಮೇಲೆ ಒಂದು ಕಷ್ಟದ ಪ್ರಶ್ನೆ ಕೇಳಿ. “ನನಗೆ ಗೊತ್ತಿಲ್ಲಪ್ಪ” ಅಂದರೆ ಇನ್ನೊಂದು ಸಲ ಹೋಗಿ. ಸಿಟ್ಟಾಗಿ “ನಿನಗೆ ಶ್ರದ್ಧೆ ಇಲ್ಲ” ಅಂದರೆ ಚಪ್ಪಲಿ ಹಾಕಿಕೊಳ್ಳಿ.

ಸೂಫಿಗಳು ತಮ್ಮ ಪೀರ್, ಅಂದರೆ ಗುರು, ಯಾರಿಂದ ಕಲಿತರು ಎಂದು ನೋಡುತ್ತಾರೆ. ಆ ಗುರು-ಶಿಷ್ಯರ ಸರಪಳಿಗೆ ಸಿಲ್ಸಿಲಾ ಅನ್ನುತ್ತಾರೆ. ಇಲ್ಲಿ 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರು ದೆಹಲಿಯ ನಾಸಿರುದ್ದೀನ್ ಚಿರಾಗ್ ಅವರ ಶಿಷ್ಯರು. ಆದರೆ ಪರಂಪರೆಯೊಂದೇ ಸಾಲದು. ನನ್ನ ಬಳೆ ನುಂಗಿದವರ ಗೋಡೆ ತುಂಬಾ ಗುರುಗಳ ಫೋಟೋ ಇದ್ದವು!

ಒಂದು ವರ್ಷ ಸುಮ್ನೆ ಹೋಗಿ ಬನ್ನಿ. ಹಳೇ ಶಿಷ್ಯರ ಮನೆಗೂ ಹೋಗಿ. ಮನುಷ್ಯ ಮೆತ್ತಗಾಗಿದ್ದಾನಾ, ಇಲ್ಲಾ ಜಂಬ ಜಾಸ್ತಿಯಾಗಿದೆಯಾ ಅಂತ ಅವರ ಹೆಂಡತಿಯನ್ನು ಕೇಳಿ.