ಪುಟ್ಟಿಗೆ ಸಮುದ್ರ ತೋರಿಸಲು ಮೂರು ದಿನ ಹಿಡಿಯಿತು

ನಾನು ತುಮಕೂರು ಕಡೆಯವಳು. ಕೆರೆ ಗೊತ್ತು, ಸಮುದ್ರ ಅಷ್ಟಾಗಿ ಗೊತ್ತಿಲ್ಲ. ಮದುವೆಯಾದ ಮೇಲೆ ಉಡುಪಿ ಕಡೆಯ ಸೊಸೆಯಾದೆ. ಈ ಜನವರಿಯಲ್ಲಿ ಅತ್ತೆ ಮನೆಗೆ ಹೋದಾಗ ಪುಟ್ಟಿಗೆ ಒಂದು ವರ್ಷ ಏಳು ತಿಂಗಳು. ಬೆಂಗಳೂರು ಬಿಡುವ ಮೊದಲೇ ಪುಟಾಣಿ ಬಕೆಟ್ಟು, ಸಲಿಕೆ, ಗಾಳಿ ತುಂಬುವ ಟ್ಯೂಬು ಎಲ್ಲ ಕೊಂಡಾಗಿತ್ತು. ಸಮುದ್ರದ ಬಗ್ಗೆ ಮಾತ್ರ ಯಾರೂ ಯೋಚನೆ ಮಾಡಿರಲಿಲ್ಲ.

ರಾತ್ರಿ ಬಸ್ಸಿಳಿದು ಮನೆಗೆ ಬಂದ ಬೆಳಿಗ್ಗೆಯೇ ಹೊರಟೆವು. "ಎಂತ ಗಡಿಬಿಡಿ ಮಾರಾಯ? ಸಮುದ್ರ ಅಲ್ಲೇ ಇರ್ತದೆ, ಎಲ್ಲಿಗೂ ಹೋಗುದಿಲ್ಲ" ಅಂತ ಅತ್ತೆ ಮಗನಿಗೆ ಹೇಳಿದರು. ಇವರು ಕೇಳಬೇಕಲ್ಲ. ಕಾಪು ಕಡಲತೀರ ಮನೆಗೆ ಹತ್ತಿರ, ಅಲ್ಲಿ ಬಂಡೆ ಮೇಲೆ 1901ರ ದೀಪಸ್ತಂಭ ಇದೆ, ಫೋಟೋ ಚೆನ್ನಾಗಿ ಬರುತ್ತೆ. ತಲುಪಿದಾಗ ಹನ್ನೊಂದು ಗಂಟೆ. ಅವತ್ತು ಹುಣ್ಣಿಮೆ ಬೇರೆ, ನೀರು ಪೂರ್ತಿ ಏರಿತ್ತು. ಅದು ನಮಗೆ ಆಮೇಲೆ ಗೊತ್ತಾಗಿದ್ದು.

ಮರಳು ಮೆತ್ತಗಿರುತ್ತೆ ಅಂತ ಪುಟ್ಟಿಯನ್ನು ಬರಿಗಾಲಲ್ಲಿ ಇಳಿಸಿದೆ. ಒಂದು ಕ್ಷಣ ನಿಂತಳು, ಆಮೇಲೆ ಕಿರುಚಿದಳು. ಒಣಮರಳು ಕಾದ ಕಾವಲಿಯಾಗಿತ್ತು. ಕಾಲು ತಣ್ಣಗಾಗಲಿ ಅಂತ ಇವರು ಅವಳನ್ನು ಎತ್ತಿಕೊಂಡು ನೇರ ನೀರಿಗೆ ಹೋದರು. ಬಂಡೆಗೆ ಹೊಡೆಯುವ ಅಲೆಯ ಸದ್ದೇ ಅವಳಿಗೆ ಸಾಕಾಗಿತ್ತು, ಮೇಲಿಂದ ಒಂದು ಅಲೆ ಸೊಂಟದವರೆಗೆ ಬಂದು ಬೆನ್ನೆಲ್ಲ ನೆನೆಸಿತು. ಮಾಮೂಲಿ ಡೈಪರ್ ಹಾಕಿದ್ದೆ. ಅದು ಇದ್ದಬದ್ದ ನೀರೆಲ್ಲ ಕುಡಿದು, ಹಲಸಿನಕಾಯಿಯ ಹಾಗೆ ಉಬ್ಬಿ ಮೊಣಕಾಲಿಗೆ ಜಾರಿತು. ಹದಿನೈದು ನಿಮಿಷಕ್ಕೆ ವಾಪಸ್. ಅವತ್ತು ಸಂಜೆ ಬಚ್ಚಲಲ್ಲಿ ಚೊಂಬಿನಿಂದ ನೀರು ಹೊಯ್ದರೂ ಮಗು ಬೆಚ್ಚಿ ನನ್ನ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ಮರುದಿನದಿಂದ ಅತ್ತೆ ಹೇಳಿದ ಹಾಗೆ. ಸಂಜೆ ಮಲ್ಪೆಗೆ ಹೋದೆವು. ಅಲ್ಲಿ ತೀರ ಅಗಲ, ಇಳಿಜಾರು ಕಡಿಮೆ, ಅಲೆ ಚಪ್ಪಟೆಯಾಗಿ ಬರುತ್ತೆ. ಆದರೆ ನೀರಿನ ಹತ್ತಿರ ಹೋಗಲೇ ಇಲ್ಲ. ಎಪ್ಪತ್ತು ಎಂಬತ್ತು ಹೆಜ್ಜೆ ದೂರದಲ್ಲಿ ಬೈರಾಸು ಹಾಸಿ ಕೂತು ಚರುಮುರಿ ತಿಂದೆವು. ಪುಟ್ಟಿ ನಾಯಿ ನೋಡಿದಳು, ಕಾಗೆ ನೋಡಿದಳು, ಯಾರದೋ ಗಾಳಿಪಟ ನೋಡಿದಳು. ಅಷ್ಟು ದೊಡ್ಡ ಸಮುದ್ರ ಎದುರಿಗಿದ್ದರೂ ಅದರ ಕಡೆ ತಿರುಗಲೇ ಇಲ್ಲ. ಆರೂವರೆ ಸುಮಾರಿಗೆ ಸೂರ್ಯ ಮುಳುಗಿದ. "ಇವತ್ತು ನೋಡಿ ಆಯ್ತು. ನಾಡಿದ್ದು ಮುಟ್ಟಲಿ" ಅಂದರು ಅತ್ತೆ. ನಾಳೆ ಯಾಕೆ ಬೇಡ ಅಂತ ಕೇಳಿದೆ. "ನಾಡಿದ್ದು ಬೆಳಿಗ್ಗೆ ಇಳಿತ ಸರಿಯಾಗಿ ಸಿಗ್ತದೆ."

ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನಾ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ಜೋರು. ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತೆ, ಅತ್ತೆಗೆ ಕ್ಯಾಲೆಂಡರಿನ ತಿಥಿ ಸಾಕು. ಹುಣ್ಣಿಮೆ ಕಳೆದು ಮೂರನೇ ದಿನ ಬೆಳಿಗ್ಗೆ ಏಳಕ್ಕೆ ನಾವು ಮತ್ತೆ ಮಲ್ಪೆಯಲ್ಲಿದ್ದೆವು. ನಮ್ಮ ಕರಾವಳಿಯಲ್ಲಿ ಸಮುದ್ರ ಪಡುವಣಕ್ಕೆ ಅಲ್ವಾ? ಬೆಳಿಗ್ಗೆ ಬಿಸಿಲು ಬೆನ್ನ ಹಿಂದಿನಿಂದ ಬರುತ್ತೆ, ತೆಂಗಿನ ಮರಗಳ ನೆರಳು ಮರಳ ಮೇಲೆ ಉದ್ದಕ್ಕೆ ಬೀಳುತ್ತೆ. ಎಂಟೂವರೆವರೆಗೆ ತಂಪು. ಸೂರ್ಯಾಸ್ತ ನೋಡುವ ಆಸೆಗೆ ಎಲ್ಲರೂ ಸಂಜೆ ಹೋಗುತ್ತಾರೆ. ಸಣ್ಣ ಮಗುವಿಗೆ ಬೆಳಿಗ್ಗೆಯೇ ಸರಿ ಅಂತ ನನ್ನ ಲೆಕ್ಕ.

ನೀರು ಇಳಿದು ಬಿಟ್ಟುಹೋದ ಒದ್ದೆಮರಳು ಗಟ್ಟಿಯಾಗಿ, ಸಾರಿಸಿದ ಅಂಗಳದ ಹಾಗಿತ್ತು. ಪುಟ್ಟಿ ನಡೆದಳು. ಅಲ್ಲಲ್ಲಿ ಏಡಿಯ ತೂತು, ಪ್ರತಿ ತೂತಿನ ಸುತ್ತ ಸಾಸಿವೆಯಷ್ಟು ಸಣ್ಣ ಮರಳಿನ ಉಂಡೆಗಳು, ರಂಗೋಲಿಗೆ ಇಟ್ಟ ಚುಕ್ಕಿಯ ಹಾಗೆ. ಪುಟಾಣಿ ಏಡಿಗಳು ಮರಳಿನಿಂದ ಆಹಾರ ತೆಗೆದುಕೊಂಡು ಬಿಟ್ಟ ಉಂಡೆ ಅವು. ಅವಳು ಕುಕ್ಕರುಗಾಲಲ್ಲಿ ಕೂತು ತೋರುಬೆರಳಿನಿಂದ ಒಂದೊಂದನ್ನೇ ಒತ್ತಿ ಒಡೆದಳು. ಇಪ್ಪತ್ತು ನಿಮಿಷ ಅದೇ ಕೆಲಸ. ಎರಡು ಸಲ ಬೆರಳು ಬಾಯಿಗೂ ಹೋಯಿತು. ಸ್ವಲ್ಪ ಮರಳು ಹೊಟ್ಟೆಗೆ ಹೋಗಿರಬೇಕು, ಏನೂ ಆಗಲಿಲ್ಲ. ಉಪ್ಪುನೀರು ಕುಡಿಯದ ಹಾಗೆ ಮಾತ್ರ ಕಾದೆ, ಕುಡಿದರೆ ವಾಂತಿ.

ಆಮೇಲೆ ತೆಳ್ಳಗಿನ ನೀರೊಂದು ಬಂದು ಪಾದ ಮುಟ್ಟಿತು. ನೀರು ಬಂದಾಗ ಅವಳು ಅಳಲಿಲ್ಲ, ವಾಪಸ್ ಹೋಗುವಾಗ ಅತ್ತಳು. ಯಾಕೆ ಅಂತ ನಾನೂ ಪಕ್ಕದಲ್ಲಿ ಬರಿಗಾಲಲ್ಲಿ ನಿಂತು ನೋಡಿದೆ. ನೀರು ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತೆ. ಕೆಳಗೆ ನೋಡುತ್ತಿದ್ದರೆ ನೆಲವೇ ನಮ್ಮನ್ನು ಹೊತ್ತು ಓಡಿದ ಹಾಗೆ ತಲೆ ತಿರುಗುತ್ತೆ. ನಡೆಯಲು ಕಲಿತು ಆರೇಳು ತಿಂಗಳಾದ ಮಗುವಿಗೆ ಹೇಗಾಗಿರಬೇಡ! ಐದಾರು ಹೆಜ್ಜೆ ಮೇಲೆ ಒಂದು ಸಣ್ಣ ಹೊಂಡ ತೋಡಿ ಬಕೆಟ್ಟಿನಲ್ಲಿ ನೀರು ತಂದು ಹೊಯ್ದೆ. ಅದರಲ್ಲಿ ಕೂತು ಚಪ್ಪಾಳೆ ತಟ್ಟಿದಳು. ನೀರು ಇಂಗಿತು, ಮತ್ತೆ ತಂದೆ, ಮತ್ತೆ ಇಂಗಿತು. ಆರನೇ ಸಲಕ್ಕೆ ನನ್ನ ಎರಡು ಬೆರಳು ಹಿಡಿದು ತಾನೇ ನೀರು ತರಲು ಹೊರಟಳು. ಅಲೆ ಬಂತು, ಹೋಯಿತು. ಹೋಗುವ ಅಲೆಗೆ ಕೈ ಬೀಸಿ "ಟಾಟಾ" ಅಂದಳು.

ಕಾವಲಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಒಬ್ಬರು ಸದಾ ಕೈಗೆ ಸಿಗುವಷ್ಟು ಹತ್ತಿರ, ಅವರ ಮೊಬೈಲು ಅತ್ತೆಯ ಚೀಲದಲ್ಲಿ. ಬದಲಾಗುವಾಗ "ಈಗ ನಿಮ್ಮ ಸರದಿ" ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವರು ನೋಡ್ತಿದ್ದಾರೆ ಅಂತ ನಾನು, ನಾನು ನೋಡ್ತಿದ್ದೇನೆ ಅಂತ ಅವರು. ಇಷ್ಟು ಸಣ್ಣ ಮಗು ಮುಗುಚಿ ಬಿದ್ದರೆ ಗೇಣುದ್ದ ನೀರೂ ಅಪಾಯ, ಸದ್ದೂ ಬರುವುದಿಲ್ಲ. ಟ್ಯೂಬು ಮನೆಯಲ್ಲೇ ಉಳಿಯಿತು. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ, ಕೈತಪ್ಪಿದರೆ ಟ್ಯೂಬನ್ನು ಸೀದಾ ಒಳಗೆ ತಳ್ಳುತ್ತೆ. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಸೆಳೆತ, ಅತ್ತ ಹೋಗಲೇ ಇಲ್ಲ. ಮಳೆಗಾಲದಲ್ಲಂತೂ ಮಾತೇ ಬೇಡ. ಸೇಂಟ್ ಮೇರೀಸ್ ದ್ವೀಪವನ್ನೂ ಬಿಟ್ಟೆವು. ಮಗು ಎತ್ತಿಕೊಂಡು ಓಲಾಡುವ ದೋಣಿ ಹತ್ತಿಳಿದು ಕಪ್ಪುಕಲ್ಲಿನ ಮೇಲೆ ನಡೆಯುವ ಶಕ್ತಿ ನನಗಿಲ್ಲ.

ಡೈಪರ್ ಬದಲು ಹತ್ತಿ ಚಡ್ಡಿ, ಜೊತೆಗೆ ಇನ್ನೆರಡು. ಉದ್ದ ತೋಳಿನ ತೆಳು ಅಂಗಿ, ಗಲ್ಲಕ್ಕೆ ಕಟ್ಟುವ ಟೋಪಿ. ಸನ್‌ಸ್ಕ್ರೀನ್ ಮನೆ ಬಿಡುವ ಮೊದಲೇ ಹಚ್ಚಿದ್ದೆ, ಮರಳ ಮೇಲೆ ಹಚ್ಚಿದರೆ ಅದು ಉಪ್ಪುಕಾಗದ. ಕುಡಿಯುವ ನೀರಿನ ಜೊತೆ ಇನ್ನೊಂದು ಬಾಟಲಿ ಶುದ್ಧ ನೀರು, ಕಣ್ಣಿಗೆ ಮರಳು ಹೋದರೆ ಉಜ್ಜದೆ ತೊಳೆಯಲು. ತಿನ್ನಲು ಬಾಳೆಹಣ್ಣು, ಸಿಪ್ಪೆ ಹಿಡಿದುಕೊಂಡೇ ಕೊಡಬಹುದು. ಹೊರಡುವಾಗ ಒಣಗಿದ ಕಾಲಿಗೆ ಸ್ವಲ್ಪ ಕಾರ್ನ್ ಫ್ಲೋರ್ ಸವರಿ ಒರೆಸಿದೆ, ಅಂಟಿದ ಮರಳು ಉದುರಿತು. ಶವರ್, ಬಟ್ಟೆ ಬದಲಿಸುವ ಕೋಣೆ ಬೇಕೇಬೇಕು ಅನ್ನುವವರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಗುರುತು) ಮನ್ನಣೆ ಪಡೆದ ಪಡುಬಿದ್ರಿ ತೀರ ಇದೆ.

ಎಂಟೂಮುಕ್ಕಾಲಿಗೆ ಎತ್ತಿಕೊಂಡೆವು. ದಾರಿಯುದ್ದಕ್ಕೂ ಅತ್ತಳು, ಈ ಸಲ ವಾಪಸ್ ಬರುವುದಕ್ಕೆ. ಈಗ ಬೆಂಗಳೂರಿನಲ್ಲಿ ಸ್ನಾನ ಮುಗಿದ ಮೇಲೆ ಬಚ್ಚಲಿನ ತೂತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸೋಪಿನ ನೀರು ಪೂರ್ತಿ ಇಳಿಯುವವರೆಗೆ ಟಾಟಾ ಮಾಡುತ್ತಾಳೆ.