ವ್ಯಾನಿಗೆ ಟೋಬಾರ್ ಜೋಡಿಸುವುದು: ಬೋಲ್ಟಿಗಿಂತ ವೈರಿಂಗಿಗೆ ಹೆಚ್ಚು ಗಮನ ಬೇಕು

ಟ್ರೇಲರ್ ಎಳೆಯಲು ವಾಹನದ ಹಿಂಬದಿಗೆ ಬಿಗಿಯುವ ಉಕ್ಕಿನ ಚೌಕಟ್ಟಾದ ಟೋಬಾರ್ ಕೊಳ್ಳುವ ಮೊದಲು ವ್ಯಾನಿನ ಬಾಗಿಲ ಚೌಕಟ್ಟಿನಲ್ಲಿಯೋ ಬಾನೆಟ್ಟಿನ ಕೆಳಗೋ ಅಂಟಿಸಿರುವ ತೂಕದ ಫಲಕವನ್ನು ಓದಬೇಕು. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಸಂಖ್ಯೆಗಳಿರುತ್ತವೆ: ಮೊದಲನೆಯದು ಸಾಮಾನು ತುಂಬಿದ ವ್ಯಾನಿನ ಗರಿಷ್ಠ ತೂಕ, ಎರಡನೆಯದು ವ್ಯಾನ್ ಮತ್ತು ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕ, ಉಳಿದೆರಡು ಮುಂದಿನ ಮತ್ತು ಹಿಂದಿನ ಆಕ್ಸಲುಗಳ ಮಿತಿ. ಎರಡನೆಯ ಸಾಲು ಖಾಲಿಯಿದ್ದರೆ ತಯಾರಕರು ಆ ವಾಹನಕ್ಕೆ ಟ್ರೇಲರ್ ಎಳೆಯಲು ಅನುಮತಿಯನ್ನೇ ಕೊಟ್ಟಿಲ್ಲವೆಂದು ಅರ್ಥ; ಅಂತಹ ವ್ಯಾನಿಗೆ ಎಷ್ಟೇ ಗಟ್ಟಿಯಾದ ಟೋಬಾರ್ ತಂದರೂ ಪ್ರಯೋಜನವಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರಿನ ಪರವಾನಗಿಯುಳ್ಳವರೂ ಪ್ರತ್ಯೇಕ ಪರೀಕ್ಷೆಯಿಲ್ಲದೆ 3,500 ಕಿಲೋವರೆಗಿನ ಟ್ರೇಲರನ್ನು ಎಳೆಯಬಹುದಾಗಿದೆ, ಆದರೆ ಈ ಸಡಿಲಿಕೆಯಿಂದ ನಿಮ್ಮ ವ್ಯಾನಿನ ಮಿತಿಯೇನೂ ಹೆಚ್ಚುವುದಿಲ್ಲ.

ಟೋಬಾರಿನ ಮೇಲೆ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಒಂದಾದ ಇಸಿಇ 55ನೇ ನಿಯಮದ ಅನುಮೋದನೆಯ ಗುರುತು ಇರಲಿ. ಯುರೋಪಿನಲ್ಲಿ ಟ್ರೇಲರನ್ನು ಸಿಕ್ಕಿಸುವ ಗುಂಡಿನ ವ್ಯಾಸ 50 ಮಿ.ಮೀ. ಎಂದು ನಿಗದಿಯಾಗಿದೆ. 90 ಮಿ.ಮೀ. ಅಂತರದ ಎರಡು ಎಂ16 (16 ಮಿ.ಮೀ. ದಪ್ಪದ) ಬೋಲ್ಟುಗಳಿಂದ ಗುಂಡನ್ನು ಬಿಗಿಯುವ ಫ್ಲ್ಯಾಂಜ್ ಮಾದರಿಯು ದಿನವೂ ಟ್ರೇಲರ್ ಎಳೆಯುವ ಕಸುಬುದಾರರಿಗೆ ಒಪ್ಪುತ್ತದೆ. ವರ್ಷಕ್ಕೆ ನಾಲ್ಕಾರು ಬಾರಿ ಕ್ಯಾರವಾನ್ (ಮನೆಯಂತೆ ವಾಸಿಸಬಹುದಾದ ಟ್ರೇಲರ್) ಒಯ್ಯುವವರಿಗೆ ಕಳಚಿಡಬಹುದಾದ ಹಂಸಕತ್ತಿನ ಆಕಾರದ್ದೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಅದು ನಂಬರ್ ಪ್ಲೇಟನ್ನು ಮರೆಮಾಡುವುದಿಲ್ಲ ಮತ್ತು ಕತ್ತಲಲ್ಲಿ ಮೊಣಕಾಲಿಗೆ ತಾಗುವುದಿಲ್ಲ.

ಯಾಂತ್ರಿಕ ಕೆಲಸಕ್ಕೆ ಬೇಕಾದದ್ದು ತಾಳ್ಮೆ ಮತ್ತು ಇನ್ನೊಬ್ಬರ ಸಹಾಯ. ಹಿಂದಿನ ದೀಪಗಳನ್ನೂ ಬಂಪರನ್ನೂ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ, ಟೋಬಾರಿನ ತೋಳುಗಳು ಚಾಸಿಗೆ ತಾಗುವ ಜಾಗದಲ್ಲಿರುವ ಮೇಣ ಮತ್ತು ಸೀಲಂಟ್ ಪದರವನ್ನು ಪೂರ್ತಿ ಕೆರೆದು ತೆಗೆಯಬೇಕು. ಆ ಮೃದುವಾದ ಪದರ ನಡುವೆ ಉಳಿದರೆ ಅದು ಕ್ರಮೇಣ ಅಮುಕಿಕೊಂಡು, ಬಿಗಿದ ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಎಲ್ಲಿಯಾದರೂ ರಂಧ್ರ ಕೊರೆದಿದ್ದರೆ ಅದರ ಅಂಚಿಗೆ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಒಳಭಾಗಕ್ಕೆ ತುಕ್ಕು ತಡೆಯುವ ಮೇಣ ಸಿಂಪಡಿಸಿ. ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಟೋಬಾರ್ ನೇರವಾಗಿದೆಯೆಂದು ಖಚಿತವಾದ ಬಳಿಕವೇ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದ ಸೂಚನಾಪತ್ರದಲ್ಲಿರುವ ಅಳತೆಗೆ ಬಿಗಿಯಿರಿ. ಸಾಮಾನು ತುಂಬಿದ ವ್ಯಾನಿನಲ್ಲಿ ಗುಂಡಿನ ನಡುಬಿಂದು ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು.

ನಿಜವಾದ ಎಚ್ಚರ ಬೇಕಾಗುವುದು ವೈರಿಂಗಿನಲ್ಲಿ. ಹಳೆಯ ವ್ಯಾನಿನಲ್ಲಿ ಹಿಂದಿನ ದೀಪದ ತಂತಿಯ ಸಿಪ್ಪೆ ಸುಲಿದು ಇನ್ನೊಂದು ತಂತಿ ಸುತ್ತಿದರೆ ಟ್ರೇಲರಿನ ದೀಪವೂ ಉರಿಯುತ್ತಿತ್ತು. ಇಂದಿನ ವ್ಯಾನಿನ ಕಂಪ್ಯೂಟರ್ ದೀಪಕ್ಕೆ ವಿದ್ಯುತ್ತನ್ನು ಸತತವಾಗಿ ಹರಿಸದೆ ಮಿಡಿತ ಮಿಡಿತವಾಗಿ ಕೊಡುವುದುಂಟು, ಮಧ್ಯೆ ಸಣ್ಣ ಮಿಡಿತಗಳನ್ನು ಕಳಿಸಿ ಬಲ್ಬ್ ಸರಿಯಿದೆಯೇ ಎಂದು ಪರೀಕ್ಷಿಸುವುದೂ ಉಂಟು. ಆ ತಂತಿಗೆ ಇನ್ನೊಂದು ದೀಪದ ಭಾರ ಸೇರಿಸಿದರೆ ಅದು ದೋಷವೆಂದು ತಿಳಿದು ಎಚ್ಚರಿಕೆ ತೋರಿಸುತ್ತದೆ, ಕೆಲವೊಮ್ಮೆ ಆ ದೀಪವನ್ನೇ ಆರಿಸಿಬಿಡುತ್ತದೆ. ನನ್ನ ಹಿಂದಿನ ವ್ಯಾನಿಗೆ ಒಂದು ಗ್ಯಾರೇಜಿನವರು ಚಿಮಟಿಗೆಯಂತೆ ತಂತಿಯನ್ನು ಕಚ್ಚುವ ಪ್ಲಾಸ್ಟಿಕ್ ಕೊಂಡಿಗಳಿಂದ ಹೀಗೆಯೇ ಜೋಡಿಸಿದ್ದರು. ಎರಡನೆಯ ಚಳಿಗಾಲಕ್ಕೆ ಅವುಗಳೊಳಗೆ ನೀರು ಸೇರಿ ತಾಮ್ರ ಹಸಿರುಗಟ್ಟಿತು, ಮೋಟಾರ್‌ವೇಯಲ್ಲಿ ಎಡ ಇಂಡಿಕೇಟರ್ ಸತ್ತೇ ಹೋಯಿತು. ಆದ್ದರಿಂದ ನಿಮ್ಮ ಮಾದರಿಗೆಂದೇ ತಯಾರಾದ, ಪ್ರತ್ಯೇಕ ಮಾಡ್ಯೂಲ್ (ಟ್ರೇಲರಿನ ದೀಪಗಳನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಕಿಟ್ಟನ್ನೇ ಕೊಳ್ಳಿ. ಅದು ಬ್ಯಾಟರಿಯಿಂದ ಫ್ಯೂಸಿನ ಮೂಲಕ ವಿದ್ಯುತ್ ಪಡೆದು, ಯಾವ ದೀಪ ಉರಿಯಬೇಕೆಂಬ ಸಂದೇಶವನ್ನಷ್ಟೇ ವ್ಯಾನಿನ ಎಲೆಕ್ಟ್ರಾನಿಕ್ ಭಾಗಗಳು ಮಾತಾಡಿಕೊಳ್ಳುವ ಕ್ಯಾನ್ ಬಸ್ ಎಂಬ ಜಾಲದಿಂದ ಓದಿಕೊಳ್ಳುತ್ತದೆ. ಟ್ರೇಲರ್ ಸಿಕ್ಕಿಸಿದಾಗ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಸುಮ್ಮನಾಗುವುದು, ಟ್ರೇಲರ್ ಓಲಾಡಿದರೆ ಇಎಸ್‌ಪಿ (ವಾಹನ ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ) ಅದನ್ನು ಹತೋಟಿಗೆ ತರುವುದು ಈ ಸಂಪರ್ಕದಿಂದಲೇ.

ಕೆಲಸ ಆರಂಭಿಸುವ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಡಿ. ಕ್ಯಾನ್ ಬಸ್ ಎಂದರೆ ಒಂದಕ್ಕೊಂದು ಹೆಣೆದ ಎರಡು ತಂತಿಗಳು. ಆ ಹೆಣಿಗೆಯೇ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುತ್ತದೆ. ಕಿಟ್ಟಿನ ಪ್ಲಗ್ ನೇರವಾಗಿ ಕೂರದೆ ತಂತಿಗೇ ಜೋಡಿಸಬೇಕಾಗಿ ಬಂದರೆ ಹೆಣಿಗೆಯನ್ನು 5 ಸೆಂ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ. ಫೋಕ್ಸ್‌ವ್ಯಾಗನ್ ವಾಹನಗಳಲ್ಲಿ ಬಾಗಿಲು, ದೀಪಗಳಂತಹವನ್ನು ನಡೆಸುವ ಕಂಫರ್ಟ್ ಜಾಲದ ಈ ಜೋಡಿಯಲ್ಲಿ ಹೈ ತಂತಿ ಕಿತ್ತಳೆ-ಹಸಿರು, ಲೋ ತಂತಿ ಕಿತ್ತಳೆ-ಕಂದು. ಇವೆರಡು ಅದಲುಬದಲಾದರೆ ಮಾಡ್ಯೂಲಿಗೆ ಏನೂ ಕೇಳಿಸದು. ಹೊರಗೆ ಹೋಗುವ ತಂತಿಯನ್ನು ರಬ್ಬರ್ ಗ್ರೋಮೆಟ್ಟಿನ ಮೂಲಕವೇ ದಾಟಿಸಿ, ನೀರು ಅದರ ಗುಂಟ ಒಳಗೆ ಇಳಿಯದಂತೆ ಟ್ರೇಲರಿನ ಪ್ಲಗ್ ಸಿಕ್ಕಿಸುವ ಸಾಕೆಟ್ಟಿಗಿಂತ ಮೊದಲು ತಂತಿಯಲ್ಲಿ ಕೆಳಮುಖವಾದ ಒಂದು ಬಾಗು ಇರಿಸಿ, ಸೈಲೆನ್ಸರಿನಿಂದ ದೂರ ಕಟ್ಟಿ.

ಹದಿಮೂರು ಪಿನ್ನಿನ ಸಾಕೆಟ್ಟಿನಲ್ಲಿ 1 ಎಡ ಇಂಡಿಕೇಟರ್, 2 ಹಿಂಬದಿಯ ಮಂಜುದೀಪ, 4 ಬಲ ಇಂಡಿಕೇಟರ್, 5 ಮತ್ತು 7 ಬಲ ಹಾಗೂ ಎಡ ಹಿಂದೀಪ, 6 ಬ್ರೇಕ್ ದೀಪ, 8 ರಿವರ್ಸ್ ದೀಪ. ಒಂಬತ್ತನೆಯದರಲ್ಲಿ ಸದಾ ವಿದ್ಯುತ್ ಇರುತ್ತದೆ, ಹತ್ತನೆಯದರಲ್ಲಿ ಇಗ್ನಿಷನ್ ಹಾಕಿದಾಗ ಮಾತ್ರ. 3, 11 ಮತ್ತು 13 ಅರ್ತ್ ಪಿನ್ನುಗಳು. ಈ ಮೂರನ್ನು ಟ್ರೇಲರಿನ ಕಡೆಯಲ್ಲಿ ಒಂದುಗೂಡಿಸಬಾರದು: ಹಾಗೆ ಮಾಡಿದರೆ ಕ್ಯಾರವಾನಿನ ಫ್ರಿಜ್ಜಿನ ಭಾರೀ ಕರೆಂಟು ದೀಪಗಳ ತೆಳು ತಂತಿಯಲ್ಲಿ ಹರಿಯುತ್ತದೆ. ಇನ್ನೊಂದು ವಿಷಯ: ಯೂರೋ 6 ಹೊಗೆ ಮಿತಿಯ ವ್ಯಾನಿನ ಆಲ್ಟರ್ನೇಟರ್ (ಎಂಜಿನ್ನಿನಿಂದ ವಿದ್ಯುತ್ ತಯಾರಿಸುವ ಯಂತ್ರ) ಇಂಧನ ಉಳಿಸಲು ತನ್ನ ವೋಲ್ಟೇಜನ್ನು ಆಗಾಗ ಇಳಿಸುತ್ತದೆ, ಆದ್ದರಿಂದ ವೋಲ್ಟೇಜ್ ನೋಡಿ ತೆರೆದು ಮುಚ್ಚುವ ಹಳೆಯ ರಿಲೇ ನಂಬಿ ಕ್ಯಾರವಾನಿನ ಬ್ಯಾಟರಿ ತುಂಬಿಸಲಾಗದು, ಅದಕ್ಕೆ ಇಳಿದ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ಕಡೆಯದು ಕೋಡಿಂಗ್, ಅಂದರೆ ಹೊಸ ಮಾಡ್ಯೂಲನ್ನು ವ್ಯಾನಿನ ಕಂಪ್ಯೂಟರಿಗೆ ಪರಿಚಯಿಸುವುದು. ಫೋಕ್ಸ್‌ವ್ಯಾಗನ್ನಿನ ಟಿ6 ವ್ಯಾನಿನಲ್ಲಿ ಸೂಕ್ತ ಡಯಾಗ್ನೋಸ್ಟಿಕ್ ಸಾಧನದಿಂದ 19ನೇ ವಿಳಾಸದ ಗೇಟ್‌ವೇ (ವ್ಯಾನಿನ ಜಾಲಗಳನ್ನು ಬೆಸೆಯುವ ಘಟಕ) ತೆರೆದು, ಅದರ ಪಟ್ಟಿಯಲ್ಲಿ 69ನೇ ಟ್ರೇಲರ್ ಮಾಡ್ಯೂಲನ್ನು ಸೇರಿಸಬೇಕು. ಇದಾಗದೆ ದೀಪ ಉರಿದರೂ ಟ್ರೇಲರ್ ಇದೆಯೆಂಬುದು ವ್ಯಾನಿನ ಉಳಿದ ಭಾಗಗಳಿಗೆ ತಿಳಿಯದು. ಪರೀಕ್ಷೆಯನ್ನು ನಿಜವಾದ ಟ್ರೇಲರಿನಿಂದಲೇ ಮಾಡಿ. ಸಣ್ಣ ಎಲ್‌ಇಡಿ ಪರೀಕ್ಷಕ ಎಳೆಯುವ ಕರೆಂಟು ಅಲ್ಪವಾದ್ದರಿಂದ ಮಾಡ್ಯೂಲ್ ಅದನ್ನು ಟ್ರೇಲರೆಂದು ಗುರುತಿಸದೆ ಹೋಗಬಹುದು. ಟ್ರೇಲರಿನೊಡನೆ ಸಾವಿರ ಕಿಲೋಮೀಟರ್ ಓಡಿಸಿದ ಮೇಲೆ ಕೆಳಗೆ ಮಲಗಿ ಪ್ರತಿ ಬೋಲ್ಟಿಗೂ ಟಾರ್ಕ್ ರೆಂಚನ್ನು ಇನ್ನೊಮ್ಮೆ ಹಿಡಿಯಿರಿ.