ಟಕ್ವಾರೆಂಬೊದ ಗೌಚೊ ಹಬ್ಬಕ್ಕೆ ನಾನು ಹೋಗಿಬಂದದ್ದು

ಟಕ್ವಾರೆಂಬೊಗೆ ಹೋಗುವುದಾದರೆ ಮಾರ್ಚ್ ಶುರುವಿನಲ್ಲೇ ಹೋಗಬೇಕು. ಉಳಿದ ತಿಂಗಳಲ್ಲಿ ಅದು ಉರುಗ್ವೆಯ ಉತ್ತರದ ಒಂದು ಸಾಧಾರಣ ಜಿಲ್ಲಾ ಕೇಂದ್ರ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಮಾರ್ಚ್‌ನಲ್ಲಿ ಮಾತ್ರ 'ಪಾಟ್ರಿಯಾ ಗೌಚಾ' ಹಬ್ಬ ಬರುತ್ತದೆ. ಗೌಚೊ ಅಂದರೆ ದಕ್ಷಿಣ ಅಮೆರಿಕದ ಹುಲ್ಲುಗಾವಲಿನಲ್ಲಿ ಕುದುರೆ ಮೇಲೆ ಕೂತು ದನ ಕಾಯುವವನು. 1987ರಿಂದ ನಡೆಯುತ್ತಿರುವ ಹಬ್ಬವಿದು.

ನಾನು ಆಗ ಕೆಲಸದ ಮೇಲೆ ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿದ್ದೆ. ಅಲ್ಲಿನ ಟ್ರೆಸ್ ಕ್ರೂಸೆಸ್ ಬಸ್ ನಿಲ್ದಾಣದಿಂದ ಬಸ್ ಹತ್ತಿದೆ. 5ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 390 ಕಿಲೋಮೀಟರ್, ಐದು ಗಂಟೆ ಆಸುಪಾಸಿನ ದಾರಿ. ಕಿಟಕಿಯಾಚೆ ಹುಲ್ಲು, ತಂತಿಬೇಲಿ, ದನ, ಮತ್ತೆ ಹುಲ್ಲು. ಇಡೀ ದೇಶದಲ್ಲಿ ಜನ ಸುಮಾರು 35 ಲಕ್ಷ, ದನ ಒಂದು ಕೋಟಿಗೂ ಜಾಸ್ತಿ. ಬಸ್ಸಲ್ಲಿ ಕೂತರೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬದ ವಾರ ಹೋಟೆಲ್ ರೂಮು ಸಿಗುವುದು ಕಷ್ಟ. ಮನೆಯೊಂದರ ಹಿಂಭಾಗದ ಕೋಣೆಯನ್ನು ನಾನು ತಿಂಗಳುಗಳ ಮುಂಚೆಯೇ ಹಿಡಿದಿಟ್ಟಿದ್ದೆ. ಟೆಂಟ್ ಇದ್ದವರಿಗೆ ಚಿಂತೆಯಿಲ್ಲ. ಹಬ್ಬ ನಡೆಯುವುದು ಊರಂಚಿನ ಲಗುನಾ ಡೆ ಲಾಸ್ ಲವಾಂಡೆರಾಸ್ ಎಂಬ ಕೆರೆಯ ಸುತ್ತ, ಎಷ್ಟೋ ಜನ ಅಲ್ಲೇ ಬಿಡಾರ ಹೂಡುತ್ತಾರೆ. ಮಾರ್ಚ್ ಅಲ್ಲಿ ಬೇಸಿಗೆಯ ಕೊನೆ. ಹಗಲು ಸುಡುತ್ತದೆ, ರಾತ್ರಿ ಸ್ವೆಟರ್ ಬೇಕು. ಮಳೆ ಬಂದರೆ ಮೈದಾನವೆಲ್ಲ ಕೆಸರು. ಒಳ್ಳೆಯ ಶೂ ಊರಲ್ಲೇ ಬಿಟ್ಟು ಬನ್ನಿ.

ಪ್ರವಾಸಿಗಳು ಸಾಮಾನ್ಯವಾಗಿ ನುಗ್ಗುವುದು ಕುದುರೆ ಕಣಕ್ಕೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಬೇಗ ಎದ್ದು ಮೊದಲು ಬಿಡಾರಗಳ ಕಡೆ ಹೋಗಿ. 'ಅಪಾರ್ಸೆರಿಯಾ' ಎಂಬ ಸಂಘಗಳಿವೆ. ಪ್ರತಿ ಸಂಘವೂ ಹಬ್ಬಕ್ಕೆ ಮುಂಚೆ ಮಣ್ಣಿನ ಹೆಂಟೆ, ಹುಲ್ಲು, ಮರದ ಕೊಂಬೆಗಳಿಂದ ಹಳೇ ಕಾಲದ ಗುಡಿಸಲು ಕಟ್ಟುತ್ತದೆ. ಒಳಗೆ ಒಲೆ, ಬಾವಿ, ತೊಗಲಿನ ಹಗ್ಗ, ಕಬ್ಬಿಣದ ಪಾತ್ರೆ, ಎಲ್ಲವೂ ಆ ಕಾಲದ್ದೇ ಆಗಿರಬೇಕು. ತೀರ್ಪುಗಾರರು ಬಂದು ನೋಡಿ ಅಂಕ ಕೊಡುತ್ತಾರೆ. ಸ್ಪರ್ಧೆ ತಮಾಷೆಯದ್ದಲ್ಲ. ಒಂದು ಬಿಡಾರದಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ಕೈಗಡಿಯಾರ ಬಿಚ್ಚಿಸಿ ಜೇಬಿಗೆ ಹಾಕಿಕೊಂಡರು, ತೀರ್ಪುಗಾರರ ಕಣ್ಣಿಗೆ ಬಿದ್ದೀತು ಅಂತ! ಮನೆಮಂದಿಯೆಲ್ಲ ಪ್ರಾಣಿಗಳ ಪಕ್ಕದಲ್ಲೇ ಅಡುಗೆ ಮಾಡಿ ಉಂಡು ಮಲಗುವುದನ್ನು ನೋಡಿ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಯಿತು.

ಇವರು ಇಷ್ಟು ಮುತುವರ್ಜಿಯಿಂದ ಕಟ್ಟಿ ತೋರಿಸುವ ಬದುಕು ನಿಜಕ್ಕೂ ಮುಗಿದುಹೋದದ್ದು. 17ನೇ ಶತಮಾನದ ಆರಂಭದಲ್ಲಿ ಸ್ಪ್ಯಾನಿಷರು ಇಲ್ಲಿ ದನ ತಂದು ಬಿಟ್ಟರು. ಅವು ಹುಲ್ಲುಗಾವಲಲ್ಲಿ ಕಾಡುದನಗಳಂತೆ ಬೆಳೆದವು. ಅವನ್ನು ಬೇಟೆಯಾಡಿ ತೊಗಲು ಮಾರುತ್ತ, ಯಾರ ಆಳೂ ಆಗದೆ ತಿರುಗಿದವರೇ ಮೊದಲ ಗೌಚೊಗಳು. 1870ರ ದಶಕದಲ್ಲಿ ಜಮೀನಿಗೆಲ್ಲ ತಂತಿಬೇಲಿ ಬಂತು. ಅಲ್ಲಿಗೆ ಆ ತಿರುಗಾಟ ನಿಂತಿತು. ಗೌಚೊ ಸಂಬಳದ ಆಳಾದ. ಬೇಲಿ ಹಾಕಿಸಿದವರ ಮೊಮ್ಮಕ್ಕಳೂ ಈಗ ಅದೇ ಗೌಚೊ ವೇಷದಲ್ಲಿ ಹಬ್ಬಕ್ಕೆ ಬರುತ್ತಾರೆ, ಅದು ಬೇರೆ ಮಾತು. ಆದರೆ ದೊಗಲೆ ಬೊಂಬಾಚಾ ಪ್ಯಾಂಟು, ಸೊಂಟದ ಅಗಲ ಬೆಲ್ಟು, ತಲೆಗೆ ಬೋಯ್ನಾ ಟೋಪಿ ಬರೀ ವೇಷ ಅಂದುಕೊಳ್ಳಬೇಡಿ. ಸೋಮವಾರ ಬ್ಯಾಂಕಿನ ಕ್ಯೂನಲ್ಲೂ ಅದೇ ಬಟ್ಟೆಯವರು ನಿಂತಿದ್ದರು.

ಬಿಡಾರದ ಹತ್ತಿರ ನಿಂತರೆ ಯಾರಾದರೂ ಮಾಟೆ ಕೊಟ್ಟೇ ಕೊಡುತ್ತಾರೆ. ಸೋರೆಬುರುಡೆಯಲ್ಲಿ ಯೆರ್ಬಾ ಎಲೆಯ ಪುಡಿ ತುಂಬಿ, ಬಿಸಿನೀರು ಹುಯ್ದು, ಲೋಹದ ಕೊಳವೆಯಿಂದ ಹೀರುವ ಪಾನೀಯ. ಒಂದೇ ಬುರುಡೆ, ಒಂದೇ ಕೊಳವೆ, ಎಲ್ಲರ ಬಾಯಿಗೂ. ಎಂಜಲು ಅಂತ ಹಿಂಜರಿದರೆ ಅಲ್ಲಿಗೆ ಮಾತುಕತೆ ಮುಗಿಯಿತು. ನಾನು ಕಣ್ಣುಮುಚ್ಚಿ ಹೀರಿದೆ. ಕಹಿ ಅಂದರೆ ಕಹಿ. ಕೊಳವೆಯಿಂದ ಕಲಕಬಾರದು. ಪೂರ್ತಿ ಕುಡಿದು, ಹುಯ್ದುಕೊಟ್ಟವರ ಕೈಗೇ ವಾಪಸ್ ಕೊಡಬೇಕು. 'ಗ್ರಾಸಿಯಾಸ್' ಅಂದರೆ ಇನ್ನು ಸಾಕು ಎಂದರ್ಥ. ಪ್ರತಿಸಲ ಥ್ಯಾಂಕ್ಸ್ ಹೇಳುವ ಅಭ್ಯಾಸದವರು ಸ್ವಲ್ಪ ತಡೆದುಕೊಳ್ಳಿ.

ಊಟದ ವಿಷಯ. ನಾನು ಸಸ್ಯಾಹಾರಿ. ತೊಗಲಿನ ಸಮೇತ ಬೆಂಕಿಯ ಮೇಲೆ ದನದ ಮಾಂಸ ಬೇಯಿಸುವ ಹಬ್ಬಕ್ಕೆ ಸಸ್ಯಾಹಾರಿ ಯಾಕೆ ಹೋಗಬೇಕು ಅಂತ ಅಲ್ಲಿನವರೂ ಕೇಳಿದರು. ಜಗಳ ಇಲ್ಲದೆ ಬದುಕಿಕೊಂಡೆ. ಊರಿನ ಪಿಜ್ಜಾ ಅಂಗಡಿಗಳಲ್ಲಿ ಫಾಯ್ನಾ ಸಿಗುತ್ತದೆ, ಕಡಲೆಹಿಟ್ಟಿನ ರೊಟ್ಟಿ. ಚೀಸ್ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಹಲ್ವ ಕೂಡ ಚೆನ್ನಾಗಿರುತ್ತದೆ. ಟೋರ್ಟಾ ಫ್ರೀಟಾ ನೋಡಲು ನಮ್ಮ ಪೂರಿಯಂತೆಯೇ, ಆದರೆ ಅದನ್ನು ಸಾಮಾನ್ಯವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. 'ಗ್ರಾಸಾ' ಅಂದರೆ ಕೊಬ್ಬು, 'ಅಸೈಟೆ' ಅಂದರೆ ಎಣ್ಣೆ. ಕೇಳಿಯೇ ತಿನ್ನಿ.

ಕುದುರೆ ಕಣದ ಬಗ್ಗೆ ಹೆಚ್ಚು ಹೇಳಲಾರೆ. ಪಳಗದ ಕುದುರೆಯನ್ನು ಕಂಬಕ್ಕೆ ಕಟ್ಟಿರುತ್ತಾರೆ, ಸವಾರ ಹತ್ತುತ್ತಾನೆ, ಬಿಡುತ್ತಾರೆ. ಗಂಟೆ ಹೊಡೆಯುವ ತನಕ ಬೀಳದೆ ಇರಬೇಕು. ಆಮೇಲೆ ಪಕ್ಕದಲ್ಲಿ ಇಬ್ಬರು ಸವಾರರು ಬಂದು ಅವನನ್ನು ಎತ್ತಿಕೊಳ್ಳುತ್ತಾರೆ. ಆ ಇಬ್ಬರ ಕುದುರೆ ಸವಾರಿಯೇ ನನಗೆ ಜಾಸ್ತಿ ಹಿಡಿಸಿತು. ಕೆಳಗೆ ಬಿದ್ದು ಒದ್ದಾಡುವ ಕುದುರೆ ನೋಡಿ ಕೂರಲಾಗದೆ ಎದ್ದು ಬಂದೆ. ಗಿಟಾರ್ ಹಿಡಿದು ನಿಂತಲ್ಲೇ ಪದ ಕಟ್ಟುವ ಪಯಾಡೋರ್‌ಗಳ ಹಾಡು ಕಣದ ಹೊರಗೂ ಕೇಳುತ್ತದೆ. ಅರ್ಥವಾಗದಿದ್ದರೂ ಪರವಾಗಿಲ್ಲ, ಜನ ನಕ್ಕಾಗ ನಾವೂ ನಗಬಹುದು. ಊರೊಳಗಿನ ಮೆರವಣಿಗೆ ಮಾತ್ರ ತಪ್ಪಿಸಬೇಡಿ. ಸಾವಿರಾರು ಕುದುರೆಗಳು ಬರುತ್ತವೆ, ಪುಟ್ಟ ಮಕ್ಕಳೂ ತಾವೇ ಲಗಾಮು ಹಿಡಿದಿರುತ್ತಾರೆ.

ಒಂದು ದಿನ ಬಿಡುವು ಮಾಡಿಕೊಂಡು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ವಾಯ್ಯೆ ಎಡೆನ್‌ಗೆ ಹೋದೆ. ಟ್ಯಾಕ್ಸಿಯವನ ಜೊತೆ ಕಾಯುವ ದುಡ್ಡನ್ನೂ ಮೊದಲೇ ಮಾತಾಡಿಕೊಂಡಿದ್ದೆ. ಅಲ್ಲಿ ಟ್ಯಾಂಗೊ ಗಾಯಕ ಕಾರ್ಲೋಸ್ ಗಾರ್ಡೆಲ್‌ನ ಮ್ಯೂಸಿಯಂ ಇದೆ. ಅವನು ಹುಟ್ಟಿದ್ದು ಟಕ್ವಾರೆಂಬೊದಲ್ಲೇ ಅಂತ ಊರಿನವರ ನಂಬಿಕೆ, 1920ರಲ್ಲಿ ಅವನೇ ಮಾಡಿಸಿದ ಕಾಗದಪತ್ರ ಅದಕ್ಕೆ ಆಧಾರ. ಫ್ರಾನ್ಸಿನ ಟುಲೂಸ್‌ನಲ್ಲಿ 1890ರ ಜನನ ದಾಖಲೆ ಇದೆ. ನನಗೆ ಟುಲೂಸ್ ಕಡೆಯ ವಾದವೇ ಗಟ್ಟಿ ಅನ್ನಿಸುತ್ತದೆ. ಇದನ್ನು ಮನೆ ಯಜಮಾನರ ಮುಂದೆ ಸುಮ್ನೆ ಅಂದೆ ನೋಡಿ, ರಾತ್ರಿ ಊಟ ಮುಗಿಯುವವರೆಗೂ ಅವರು ನನ್ನನ್ನು ಬಿಡಲಿಲ್ಲ.